ಟವಲ್ ಹಾಕಿದ ಹೆಸರು

ಕುಸುಮ: ಬ್ಯಾಡ ಅಂದ್ಮೇಲೆ ಬ್ಯಾಡ. ಪ್ರಪಂಚದಲ್ಲಿ ಎಸ್ರಿಗೇನು ಬರ ಬಂದದಾ? ಮೊಗೀಗೆ ಕುಂಬಳಕಾಯಿ ಅಂತ ಬೇಕಾದ್ರೂ ಇಡಿ, ನಾನು ಕಮಕ್ ಕಿಮಕ್ ಅನ್ನಕಿಲ್ಲ. ಆ ಎಸ್ರು ಮಾತ್ರ ಬ್ಯಾಡ.

ಚಲುವರಾಜು: ಲೇ ಅಮ್ಮಿ, ನಾನೇನು ದಾರೀಲಿ ಓಗೋರ ಎಸ್ರು ಇಡು ಅಂದ್ನಾ? ನಮ್ಮವ್ವನ ಎಸ್ರು ಕಣೆ. ದೇವಿರಮ್ಮ! ಒಂದ್ಸಲ ಅಂದು ನೋಡು, ಬಾಯ್ ತುಂಬ್ಕತದೆ.

ಕುಸುಮ: ಬಾಯ್ ತುಂಬ್ಕೊಳಾಕೆ ಒಳ್ಗಡೆ ಒಬ್ಬಟ್ಟು ಬೇಯಿಸ್ತಾ ಇವ್ನಿ. ನೀವು ಎದ್ದು ಬಾಗ್ಲಿಗೆ ಮಾವಿನ ಸೊಪ್ಪು ಕಟ್ಟಿ.

ಕೆರಗೋಡಿನ ಚಲುವರಾಜು ಏಳಲಿಲ್ಲ. ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು ಇನ್ನಷ್ಟು ಗಟ್ಟಿಯಾಗಿ ಕೂತ. ಅರವತ್ತೆಂಟು ವರ್ಷದ ಆಸಾಮಿ. ಹೆಂಡತಿ ಹೇಳಿದ ಕೂಡಲೇ ಎದ್ದು ಹೋಗುವ ವಯಸ್ಸು ದಾಟಿ, ಎದ್ದು ಹೋಗಲು ಮಂಡಿಗಳು ಒಪ್ಪದ ವಯಸ್ಸಿಗೆ ಬಂದಿದ್ದ.

ಆ ದಿನ ಹನ್ನೊಂದು ಗಂಟೆಗೆ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ಗೊತ್ತಾಗಿತ್ತು. ಮಗ ಶಿವರಾಜು ಬಾಳೆಲೆ ತರಲು ಮಂಡ್ಯಕ್ಕೆ ಹೋಗಿದ್ದ. ಐದು ತಿಂಗಳ ಆ ಹೆಣ್ಣುಮಗು ಈವರೆಗೆ ಚಿನ್ನಿ, ಪಾಪು, ಬಂಗಾರಿ ಅಂತ ಹದಿನೇಳು ಹೆಸರುಗಳಲ್ಲಿ ಕರೆಸಿಕೊಂಡು ಒಂದಕ್ಕೂ ಓಗೊಡದೆ ಆರಾಮವಾಗಿತ್ತು. ಆರಾಮವಿಲ್ಲದವನು ಚಲುವರಾಜು ಒಬ್ಬನೇ. ಅವನ ತಾಯಿ ದೇವಿರಮ್ಮ ಒಂಬತ್ತು ವರ್ಷದ ಕೆಳಗೆ, ತೊಂಬತ್ತೆರಡು ತುಂಬಿಸಿಕೊಂಡು ಹೋದವಳು. ಬದುಕಿದ್ದಾಗ ಹಿತ್ತಲಲ್ಲಿ ನಿಂತು ಎಮ್ಮೆಯನ್ನು ಕೂಗಿದರೆ, ಹನಕೆರೆ ಸ್ಟೇಷನ್ನಿನಿಂದ ಹೊರಟ ರೈಲು ತನ್ನನ್ನೇ ಕರೆದರೇನೋ ಎಂದು ಒಂದು ನಿಮಿಷ ಅನುಮಾನಿಸಿ ನಿಲ್ಲುತ್ತಿತ್ತು. ಅಂಥವಳು ಕೊನೆಯ ದಿನ ದನಿ ತಗ್ಗಿಸಿ, ಹಿರಿಮಗನ ಕೈ ಹಿಡಿದು, "ನನ್ನ ಎಸ್ರು ಈ ಅಟ್ಟೀಲಿ ದಿನಾ ಕೂಗ್ತಿರ್ಬೇಕು, ಮಾತು ಕೊಡು" ಅಂದಿದ್ದಳು. ಇವನು ಕೊಟ್ಟಿದ್ದ. ಆದರೆ ಆಮೇಲಿನ ಒಂಬತ್ತು ವರ್ಷದಲ್ಲಿ ಆ ಮನೆಯಲ್ಲಿ ಹುಟ್ಟಿದ್ದೆಂದರೆ ನಾಲ್ಕು ಕರು, ಹನ್ನೊಂದು ಬೆಕ್ಕಿನಮರಿ. ಅವುಗಳಿಗೆ ಅವ್ವನ ಹೆಸರಿಡುವ ಧೈರ್ಯ ಬರಲಿಲ್ಲ. ಅವ್ವ ಅಮಾವಾಸ್ಯೆಗೊಮ್ಮೆ ಕನಸಿನಲ್ಲಿ ಬಂದು, ಹೊಸ್ತಿಲಲ್ಲಿ ನಿಂತು, ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

ಇವತ್ತು ಕೊಟ್ಟ ಮಾತು ತೀರಿಸಲೇಬೇಕು. ಇದೊಂದು ಕೈ ತಪ್ಪಿದರೆ ಮುಂದಿನ ಅಮಾವಾಸ್ಯೆಗೆ ಅವ್ವ ಹೊಸ್ತಿಲಲ್ಲಿ ನಿಲ್ಲುವುದಿಲ್ಲ, ಒಳಕ್ಕೇ ಬರುತ್ತಾಳೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಚಲುವರಾಜು: ಅಳೇ ಕಾಲದ ಎಸ್ರು ಅಂತ ಬ್ಯಾಡ ಅಂತೀಯಾ?

ಕುಸುಮ: ನಾನೇನು ಒಸ ಕಾಲದೋಳಾ?

ಚಲುವರಾಜು: ಮತ್ತೆ, ನಮ್ಮವ್ವ ನಿಂಗೆ ಕಾಟ ಕೊಟ್ಲು ಅಂತಾನಾ? ನಿಜ ಯೋಳ್ಬುಡು.

ಕುಸುಮ: ಕಾಟವಾ? ನಾನು ಬಂದ ಮೊದಲ್ನೇ ದಿನ ರಾಗಿಮುದ್ದೆ ಮಾಡಿಟ್ರೆ, ಇದುನ್ನ ತಕ್ಕೊಂಡೋಗಿ ಕಟ್ಟೆ ಒಡ್ದಿರೋ ಜಾಗಕ್ಕೆ ಮೆತ್ತು ಅಂದ್ರು. ಮೆತ್ತಿವ್ನಿ. ಇವತ್ಗೂ ಆ ಕಟ್ಟೆ ಸೋರ್ನಿಲ್ಲ. ಅದೆಲ್ಲ ಬೈಗ್ಳ ಕಣಿ. ಬೈಗ್ಳ ನುಂಗಿದ್ರೆ ಅರಗ್ತದೆ. ನಂಗೆ ಅರಗ್ದೇ ಇರೋದು ಬ್ಯಾರೆ ಅದೆ.

ಚಲುವರಾಜು: ಏನದು?

ಕುಸುಮ: ನಿಮ್ಗೇ ಗ್ಯಾನ ಇಲ್ದೆ ಇದ್ರೆ ನಾನ್ಯಾಕೆ ಯೋಳ್ಲಿ?

ಆ ಹೊತ್ತಿಗೆ ಸೊಸೆ ನಯನ ಮಗುವನ್ನು ಹೆಗಲಿಗೆ ಹಾಕಿಕೊಂಡು, ಮತ್ತೊಂದು ಕೈಯಲ್ಲಿ ಮೊಬೈಲು ಹಿಡಿದು ಹೊರಗೆ ಬಂದಳು. ಮದ್ದೂರಿನ ಹುಡುಗಿ, ಹೈಸ್ಕೂಲು ಟೀಚರು. ಮಾವ ಅತ್ತೆ ಜಗಳವಾಡುವಾಗ ನಡುವೆ ಬಾಯಿ ಹಾಕಲು ಸರಿಯಾದ ಗಳಿಗೆ ಯಾವುದೆಂಬುದು ಅವಳಿಗೆ ಎರಡು ವರ್ಷದಲ್ಲಿ ಕರಗತವಾಗಿತ್ತು.

ನಯನ: ಮಾವ, ನೀವಿಬ್ರೂ ಒಪ್ಪಲ್ಲ ಅಂದ್ರೆ ನನ್ನತ್ರ ಒಂದು ಹೆಸರಿದೆ. ಆಶ್ರಿತಾ. ಮೂರು ತಿಂಗಳು ಹುಡುಕಿದೀನಿ.

ಚಲುವರಾಜು: ಅಂಗಂದ್ರೆ?

ನಯನ: ಆಶ್ರಯ ಪಡೆದವಳು ಅಂತ ಅರ್ಥ. ದೇವರ ಆಶ್ರಯ.

ಚಲುವರಾಜು: ನಮ್ಮ ಮೊಗ ಯಾಕವ್ವ ಆಶ್ರಯ ಪಡೀಬೇಕು? ಸ್ವಂತ ಮನೆ ಅದೆ, ಎರಡೆಕರೆ ಕಬ್ಬಿನ ಗದ್ದೆ ಅದೆ. ಈ ಎಸ್ರು ಕೇಳುದ್ರೆ ಪಂಚಾಯ್ತಿಯೋರು, ಮಂಜೂರಾಗಿರೋ ಆಶ್ರಯ ಮನೆಗೆ ಫೋಟೋ ತರ್ಲಿಲ್ವಲ್ಲ ಅಂತ ಬಾಗ್ಲಿಗೆ ಬತ್ತಾರೆ.

ನಯನ: ಅರ್ಥ ಚೆನ್ನಾಗಿದೆ ಮಾವ.

ಚಲುವರಾಜು: ಅರ್ಥ ನೋಡಿ ಎಸ್ರಿಟ್ಟೋರ ಕಥೆ ನಂಗೆ ಗೊತ್ತು ಕಣವ್ವ. ನಮ್ಮವ್ವನ ಅಪ್ಪ ಇದ್ನಲ್ಲ, ಅವ್ನಿಗೆ ಸಾಲಾಗಿ ಎಣ್ಣು. ಐದನೇದು ಉಟ್ಟಿದ್ಮೇಲೆ ದೇವ್ರಿಗೆ ಅರ್ಥ ಆಗ್ಲಿ ಅಂತ ಸಾಕಮ್ಮ ಅಂತ ಎಸ್ರಿಟ್ಟ. ಆಮೇಕೇನಾಯ್ತು?

ನಯನ: ಗಂಡು ಹುಟ್ತಾ?

ಚಲುವರಾಜು: ಇನ್ನೂ ಮೂರು ಎಣ್ಣು. ದೇವ್ರಿಗೆ ಕನ್ನಡ ಬರಕಿಲ್ಲ ಅಂತ ಆಗ ಗೊತ್ತಾಯ್ತು. ನಮ್ಮ ಮುತ್ತಾತಂದು ಇನ್ನೊಂದು ತರ. ಅವ್ನಿಗಿಂತ ಮುಂಚೆ ಉಟ್ಟಿದ್ದ ಎರಡು ಮೊಗ ಓಗ್ಬುಟ್ಟಿದ್ವಂತೆ. ಅದಕ್ಕೆ ಯಮಧರ್ಮರಾಯನ ಎಸ್ರೇ ಇಟ್ರು, ಜವರೇಗೌಡ ಅಂತ. ಯಮ ಬಂದ್ರೂ, ಇದ್ಯಾರೋ ನಮ್ಮ ಕಡೆಯೋನೇ ಅಂದ್ಕೊಂಡು ನೀರು ಕುಡ್ದು ವಾಪಸ್ ಓಯ್ತಾನೆ ಅಂತ. ನೂರಾ ನಾಕು ವರ್ಸ ಬದುಕ್ದ! ಕೊನೆಗೆ ಅವ್ನೇ ಬೇಜಾರಾಗಿ, ಬಾರಪ್ಪ ಅಂತ ಕಾಗ್ದ ಬರ್ಸಿದ್ನಂತೆ.

ನಯನ: ಹಂಗಾದ್ರೆ ನಿಮ್ಮ ಹೆಸರು, ಮಾವ? ಚೆಲುವ ಅಂದ್ರೆ...

ಒಳಗಿನಿಂದ ಕುಸುಮ: ಅದು ಮೇಲುಕೋಟೆ ಚೆಲುವರಾಯನ ಎಸ್ರು ಕಣವ್ವ. ಎಸ್ರು ಮಾತ್ರ ದೇವ್ರದು. ಮಿಕ್ಕಿದ್ದೆಲ್ಲ ಅವರ ಸ್ವಂತ ಸಂಪಾದ್ನೆ.

ಚಲುವರಾಜು ಮೀಸೆ ಮುಟ್ಟಿ ನೋಡಿಕೊಂಡ. ಆ ಮಾತನ್ನು ಹೊಗಳಿಕೆಗೆ ಸೇರಿಸಬೇಕೋ ಬೇಡವೋ ಎಂದು ತೀರ್ಮಾನವಾಗಲಿಲ್ಲ.

ನಯನ: ಸ್ಕೂಲಿಗೆ ಸೇರಿಸುವಾಗ ಸರ್‌ನೇಮ್ ಬೇರೆ ಕೇಳ್ತಾರೆ. ನಮಗೆ ಅದೂ ಇಲ್ಲ.

ಚಲುವರಾಜು: ಅದ್ಯಾಕವ್ವ ಬೇಕು? ಮುಂದ್ಗಡೆ ಕೆ ಅಂದ್ರೆ ಕೆರಗೋಡು, ಎಸ್ ಅಂದ್ರೆ ಸಿವರಾಜು. ಊರು ಅದೆ, ಅಪ್ಪ ಅವ್ನೆ. ಇನ್ನು ಹಿಂದ್ಗಡೆ ಬ್ಯಾರೆ ಬಾಲ ಕಟ್ಟಿದ್ರೆ, ಮೇಷ್ಟ್ರು ಹಾಜ್ರಿ ಕೂಗಿ ಮುಗ್ಸೋ ವೊತ್ಗೆ ಸಂಜೆ ಬೆಲ್ ವೊಡೆದುಬುಡ್ತದೆ. ಅದೆಲ್ಲ ಬುಡು. ಅಜ್ಜಿ ಎಸ್ರು ಮೊಮ್ಮಗ್ಳಿಗೆ. ಅದು ಪದ್ಧತಿ.

ನಯನ: ಅಜ್ಜಿ ಹೆಸರೇ ಬೇಕು ಅಂದ್ರೆ ಪಾಪುಗೆ ಅಜ್ಜಿ ನಮ್ಮತ್ತೆ ತಾನೆ? ಕುಸುಮ ಅಂತಾನೇ ಇಟ್ಟುಬಿಡೋಣ. ಚಿಕ್ಕದಾಗಿದೆ, ಚೊಕ್ಕವಾಗಿದೆ. ಹೂವು ಅಂತ ಅರ್ಥ.

ಚಲುವರಾಜು: ಎಲ್ಲಾರ ಉಂಟಾ? ನಮ್ಮ ವಂಸದಲ್ಲಿ ಬದುಕಿರೋರ ಎಸ್ರು ಮೊಗೀಗೆ ಇಡಕಿಲ್ಲ. ಇಟ್ರೆ ಎಸ್ರಿನ ಯಜಮಾನ್ರ ಆಯಸ್ಸು ಮೊಗೀನ ಕಡೆಗೆ ಸೋರೋಯ್ತದೆ. ಏಳು ತಲೆಮಾರಿಂದ ನಡ್ಕೊಂಡು ಬಂದದೆ. ಸತ್ತೋರ ಎಸ್ರು ಮಾತ್ರ.

ಕುಸುಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

ಕುಸುಮ: ಇನ್ನೊಂದ್ಸಲ ಯೋಳಿ.

ಚಲುವರಾಜು: ಬದುಕಿರೋರ ಎಸ್ರು ಇಡಕಿಲ್ಲ ಅಂದೆ.

ಕುಸುಮ: ಸರಿ. ನೀನೂ ಕೇಳಿಸ್ಕೊಂಡ್ಯಾ ನಯನ? ನೆಪ್ಪಲ್ಲಿ ಮಡಿಕ್ಕೊ. ಇನ್ನು ಕುಸುಮ ಅನ್ನೋದು ಊವು ಅಂತ ನಿಮ್ಮ ಪುಸ್ತಕದಲ್ಲಿ ಇರ್ಬೋದು ಕಣವ್ವ. ನನ್ನ ಲೆಕ್ಕದಲ್ಲಿ ಅದು ಬಸ್ಸು.

ನಯನ: ಬಸ್ಸಾ?

ಕುಸುಮ: ನಾನು ಉಟ್ಟಾಗ ಕುಸುಮ ಅಲ್ಲ. ಕಿರುಗಾವಲಲ್ಲಿ ನನ್ನ ಮದ್ವೆ. ದಾರೆ ಆಗಿ ಕೈ ನೀರು ಆರಿರ್ನಿಲ್ಲ, ನಿಮ್ಮ ಮಾವನ ಅಪ್ಪಾರು ಎದ್ದು ನಿಂತು, ಎಣ್ಣಿನ ಎಸ್ರು ಬದ್ಲಾಯಿಸ್ಬೇಕು ಅಂದ್ರು. ಏನಿಡದು ಅಂತ ಸುತ್ತ ಮುತ್ತ ನೋಡುದ್ರು. ಚಪ್ಪರದ ಎದ್ರುಗೆ ದಿಬ್ಬಣದ ಬಸ್ಸು ನಿಂತಿತ್ತು. ಅದರ ಅಣೆ ಮ್ಯಾಲೆ ಕೆಂಪು ಬಣ್ಣದಲ್ಲಿ 'ಕುಸುಮ' ಅಂತ ಬರ್ದಿತ್ತು. ಅದುನ್ನೇ ಓದ್ಬುಟ್ರು. ಪುಣ್ಯಕ್ಕೆ ಬಸ್ಸು ಮೊಖ ಮಾಡಿ ನಿಂತಿತ್ತು. ಹಿಂದು ಮಾಡಿ ನಿಂತಿದ್ರೆ ನಲವತ್ನಾಕು ವರ್ಸದಿಂದ ನನ್ನ ಎಸ್ರು 'ಹಾರನ್ ಮಾಡಿ' ಅಂತಿರ್ತಿತ್ತು.

ನಯನ ನಕ್ಕಳು. ಆಮೇಲೆ ನಗು ನಿಲ್ಲಿಸಿ ಅತ್ತೆಯ ಮುಖ ನೋಡಿದಳು.

ನಯನ: ಅತ್ತೆ, ಹಂಗಾದ್ರೆ ನಿಮ್ಮ ಮೊದಲಿನ ಹೆಸರೇನು?

ಕುಸುಮ: ನಿಮ್ಮ ಮಾವನ್ನ ಕೇಳು. ಪಕ್ಕದಲ್ಲೇ ಕೂತಿದ್ರು ಅವತ್ತು.

ಇಬ್ಬರೂ ಚಲುವರಾಜನ ಕಡೆ ತಿರುಗಿದರು. ಚಲುವರಾಜು ತನ್ನ ತಲೆಯೊಳಕ್ಕೆ ಇಳಿದು, ಮೂಲೆ ಮೂಲೆ ತಡಕಿದ. ಮದುವೆಯಲ್ಲಿ ಎಷ್ಟು ಪಾಯಸ ಬಡಿಸಿದರು, ಯಾರ ಚಪ್ಪಲಿ ಕಳೆಯಿತು, ಬಸ್ಸಿನ ಯಾವ ಟೈರು ಪಂಕ್ಚರಾಗಿತ್ತು ಎಲ್ಲವೂ ಸಿಕ್ಕಿತು. ಹೆಣ್ಣಿನ ಹೆಸರು ಸಿಗಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಜೋಯಿಸರ ಮೊಪೆಡ್ಡು ಕೆಮ್ಮಿಕೊಂಡು ಬಂದು ನಿಂತಿತು. ಯಮನೇ ಮೊಪೆಡ್ಡಿನಲ್ಲಿ ಬಂದಿದ್ದರೂ ಚಲುವರಾಜು ಅಷ್ಟೇ ಸಂತೋಷದಿಂದ ಎದ್ದು ಹೋಗುತ್ತಿದ್ದ. ಮಂಡಿ ನೋವಂತೂ ಆ ಕ್ಷಣ ಇರಲೇ ಇಲ್ಲ.

ಚಲುವರಾಜು: ಬನ್ನಿ ಬನ್ನಿ ಸ್ವಾಮ್ಯೋರೆ! ಸರ್ಯಾದ ಟೈಮ್‌ಗೆ ಬಂದ್ರಿ.

ಮದ್ದೂರಿನ ಕಸ್ತೂರಿರಂಗ ಜೋಯಿಸರು ಬಂದು ಚಾಪೆಯ ಮೇಲೆ ಕೂತು, ಚೀಲದಿಂದ ಪಂಚಾಂಗ ತೆಗೆದು, ಕನ್ನಡಕ ಏರಿಸಿದರು. ನಯನ ಒಂದು ತಟ್ಟೆ ಅಕ್ಕಿ ತಂದು ಮುಂದಿಟ್ಟಳು. ಹೆಸರು ಬರೆಯುವುದು ಅದರಲ್ಲೇ.

ಜೋಯಿಸರು: ಮಗು ಅಶ್ವಿನಿ ನಕ್ಷತ್ರ, ನಾಲ್ಕನೇ ಪಾದ. ಹೆಸರು 'ಲಾ' ಅಕ್ಷರದಿಂದ ಶುರುವಾಗಬೇಕು ಚಲುವರಾಜಣ್ಣ.

ಚಲುವರಾಜು: ಎಲ್ಲಾರ ಉಂಟಾ ಸ್ವಾಮಿ? ನಮ್ಮ ಸೀಮೆಲಿ 'ಲಾ' ಕೊನೇಲಿ ಬತ್ತದೆ. ಮೊದ್ಲಿಗೆ ಬಂದ್ರೆ, ಮೊಗೀನ ಕರೀತಾವ್ರಾ, ಮೊಗೀನ ಮ್ಯಾಲೆ ಜಗಳಕ್ಕೆ ಓಯ್ತಾವ್ರಾ ಅಂತ ಗೊತ್ತಾಗಕಿಲ್ಲ.

ಜೋಯಿಸರು: ಚಿಂತೆಯಿಲ್ಲ. ನಕ್ಷತ್ರದ ಹೆಸರು ಕಿವಿಯಲ್ಲಿ ಹೇಳಿದರೆ ಮುಗಿಯಿತು. ಕರೆಯುವುದಕ್ಕೆ ನಿಮಗೆ ಬೇಕಾದ್ದು ಇಟ್ಟುಕೊಳ್ಳಿ. ಹೇಳಿ, ಏನು ಬರೆಯಲಿ?

ಚಲುವರಾಜು: ದೇವಿರಮ್ಮ.

ಕುಸುಮ: ಬರೀಬ್ಯಾಡಿ.

ನಯನ: ಆಶ್ರಿತಾ ಅಂತ ಒಂದಿದೆ...

ಜೋಯಿಸರ ಬೆರಳು ಅಕ್ಕಿಯ ಮೇಲೆ ಮೂರು ಕಡೆ ಹಾರಿ, ಎಲ್ಲೂ ಇಳಿಯಲಾರದೆ ವಾಪಸಾಯಿತು.

ಜೋಯಿಸರು: ಯಾಕಮ್ಮ ಬೇಡ? ದೇವಿರಮ್ಮ ಅಂದರೆ ಸಾಕ್ಷಾತ್ ಅಮ್ಮನವರು. ಅರ್ಥದಲ್ಲಿ ಒಂದು ಕೊರತೆಯೂ ಇಲ್ಲ.

ಕುಸುಮ: ಅರ್ಥದಲ್ಲಿ ಕೊರ್ತೆ ಇಲ್ಲ ಸ್ವಾಮ್ಯೋರೆ. ಆದ್ರೆ ಆ ಎಸ್ರು ಖಾಲಿ ಇಲ್ಲ. ಆಗ್ಲೇ ಟವಲ್ ಆಕವ್ರೆ.

ಚಲುವರಾಜು: ಎಸ್ರಿಗೆ ಟವಲ್ ಆಕಕೆ ಅದೇನು ಮಳವಳ್ಳಿ ಬಸ್ಸಿನ ಕಿಟ್ಕಿ ಸೀಟಾ? ಯಾವೋನು ಆಕಿರೋನು?

ಕುಸುಮ: ಬದುಕಿರೋರೇ ಒಬ್ರು. ಟವಲ್ ಆಕಿ ಕೆಳಕ್ಕೆ ಇಳ್ದವ್ರೆ. ಸೀಟು ಅವರ್ದೇ.

ಚಲುವರಾಜನ ಮೈಯೆಲ್ಲ ಬೆಂಕಿಯಾಯಿತು. ಯಾರೆಂದು ಅವನಿಗೆ ತಕ್ಷಣ ಹೊಳೆಯಿತು. ಮಳವಳ್ಳಿಯಲ್ಲಿರುವ ತಮ್ಮ ಪುಟ್ಟರಾಜು! ಅವ್ವನ ಹೆಸರನ್ನು ಗುಟ್ಟಾಗಿ ತನ್ನ ಕಡೆಯ ಯಾವುದೋ ಮಗುವಿಗೆ ಇಟ್ಟುಬಿಟ್ಟಿದ್ದಾನೆ. ಅವ್ವ ಅಮಾವಾಸ್ಯೆಗೆ ಇಲ್ಲಿಗೆ ಬಂದು ಮುಖ ತಿರುಗಿಸಿಕೊಂಡು ಹೋಗುವುದು ನೇರವಾಗಿ ಮಳವಳ್ಳಿಗೇ ಇರಬೇಕು. ಜೇಬಿನಿಂದ ಫೋನು ತೆಗೆದು ಒತ್ತಿದ. ಆ ಫೋನು ಕೊಂಡ ದಿನದಿಂದ ಸ್ಪೀಕರ್‌ನಲ್ಲೇ ಇತ್ತು. ಅದನ್ನು ಆರಿಸುವುದು ಹೇಗೆಂದು ಚಲುವರಾಜು ಕಲಿತಿರಲಿಲ್ಲ. ಆ ಕಡೆಯ ಮಾತು ಎಲ್ಲರಿಗೂ ಕೇಳಿಸುತ್ತದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

ಚಲುವರಾಜು: ಲೇ ಪುಟ್ರಾಜು, ಎಲ್ಲಿದ್ದೀಯ್ಲಾ?

ಪುಟ್ಟರಾಜು: ಮಂಡ್ಯ ಬಸ್‌ಸ್ಟ್ಯಾಂಡಲ್ಲಿ ಕಣಣ್ಣ. ಬತ್ತಾ ಇವ್ನಿ. ಒಬ್ಬಟ್ಟು ಆಯ್ತಾ?

ಚಲುವರಾಜು: ಒಬ್ಬಟ್ಟು ಆಮೇಕೆ. ಅವ್ವಂದು ಎತ್ಕೊಂಡೋಗಿ ಒಳ್ಗೆ ಮಡಿಕ್ಕಂಡಿದ್ದೀಯಂತೆ?

ಪುಟ್ಟರಾಜು: ಅವ್ವಂದು ಒಂದು ಲೋಟನೂ ಎತ್ಕೊಂಡೋಗಿಲ್ಲ ಕಣಣ್ಣ! ಆ ಇತ್ತಾಳೆ ಅಂಡೆ ನಿನ್ನ ಬಚ್ಚಲಲ್ಲೇ ಅದೆ. ನಾನು ಒಂಬತ್ತು ವರ್ಸದಿಂದ ಬಾಯಿ ಬುಟ್ಟು ಕೇಳ್ನಿಲ್ಲ...

ಚಲುವರಾಜು: ಅಂಡೆ ಅಲ್ಲ ಕಣ್ಲಾ, ಎಸ್ರು! ನಿನ್ನ ಮೊಮ್ಮಗ್ಳಿಗೆ ಕದ್ದು ದೇವಿರಮ್ಮ ಅಂತ ಇಟ್ಟಿದ್ದೀಯೋ ಇಲ್ವೋ?

ಪುಟ್ಟರಾಜು: ನಂಗೆಲ್ಲಿ ಮೊಮ್ಮಗ್ಳು? ಇರೋವೆರಡೂ ಗಂಡು. ಒಂದುಕ್ಕೆ ಆಗ್ಲೇ ಮೀಸೆ ಬತ್ತಾ ಅದೆ.

ಚಲುವರಾಜು: ಮತ್ತೆ ಆ ಎಸ್ರಿಗೆ ಟವಲ್ ಆಕಿರೋರು ಯಾರು? ನಿಮ್ಮತ್ಗೆ ಬಡ್ಕತಾವ್ಳೆ, ಬದುಕಿರೋರು ಯಾರ್ದೋ ಎಸ್ರು ಅಂತೆ ಅದು.

ಆ ಕಡೆ ಕಂಡಕ್ಟರುಗಳ ಕೂಗು ಕೇಳಿಸುತ್ತಿತ್ತು. ಪುಟ್ಟರಾಜು ದನಿ ಇಳಿಸಿದ.

ಪುಟ್ಟರಾಜು: ಅಣ್ಣ, ಅತ್ಗೆ ಪಕ್ಕದಲ್ಲಿ ಇಲ್ಲ ತಾನೆ?

ಚಲುವರಾಜು: ಇದ್ರೇನ್ಲಾ? ನಿನ್ನ ಮಾತು ನಂಗೊಬ್ಬಂಗೇ ಕೇಳ್ಸೋದು.

ಪುಟ್ಟರಾಜು: ಅತ್ಗೆ ಎಸ್ರೇ ಅಲ್ವೇನಣ್ಣ ಅದು?

ಚಲುವರಾಜು: ಯಾವುದು?

ಪುಟ್ಟರಾಜು: ದೇವಿರಮ್ಮ! ನಿಂಗೆ ನೆಪ್ಪಿಲ್ವಾ? ದಾರೆ ಟೈಮಲ್ಲಿ ಎಣ್ಣು ದೇವಿರಮ್ಮ ಎಲ್ಲಿ ಅಂತ ಕೂಗುದ್ರೆ, ಅತ್ಗೆ ತಲೆ ಎತ್ತೋದ್ರೊಳ್ಗೆ ನಮ್ಮವ್ವ "ಆಂ, ನಾನಿಲ್ಲಿವ್ನಿ" ಅಂತ ಎದ್ದು ನಿಂತ್ಕೊಂಡ್ಲು. ಚಪ್ಪರವೆಲ್ಲ ಬಿದ್ದು ಬಿದ್ದು ನಗ್ತು. ಅದಕ್ಕೇ ಅಲ್ವಾ ಅಪ್ಪ, ಒಂದೇ ಅಟ್ಟೀಲಿ ಎಲ್ಡು ದೇವಿರಮ್ಮನ್ನ ಸಾಕೋ ತಾಕತ್ತು ನಂಗಿಲ್ಲ, ನನ್ನ ಮಗ ಅವರವ್ವನ ಎಸ್ರಿಡ್ದು ಎಂಡ್ತೀನ ಬೈಯೋದೆಂಗೆ, ಅಂತ ಬಸ್ಸಿನ ಎಸ್ರು ಇಟ್ಟಿದ್ದು? ಲಗ್ನಪತ್ರಿಕೇಲೂ ಇತ್ತಲ್ಲಣ್ಣ!

ಚಲುವರಾಜು: ಲಗ್ನಪತ್ರಿಕೇಲಿ ನಾನು ನನ್ನ ಎಸ್ರು ಮಾತ್ರ ಓದಿದ್ದೆ ಕಣ್ಲಾ.

ಪುಟ್ಟರಾಜು: ಅತ್ಗೆ ಮುಂದೆ ಮಾತ್ರ ಮರ್ತೋಗಿತ್ತು ಅಂತ ಯೋಳ್ಬ್ಯಾಡ. ಒಬ್ಬಟ್ಟು ಇಕ್ಕಕಿಲ್ಲ.

ಕುಸುಮ: ನಿಂಗೆ ನಾಕು ಜಾಸ್ತಿ ಇಕ್ತೀನಿ, ಬಾರಪ್ಪ ಪುಟ್ರಾಜು.

ಆ ಕಡೆಯಿಂದ ಫೋನು ಕಟ್ಟಾಯಿತು. ಒಳಗೆ ಕಾವಲಿಯ ಮೇಲೆ ಒಬ್ಬಟ್ಟು ಸೀಯುವ ವಾಸನೆ ಜಗಲಿಗೆ ಬಂತು. ಅದನ್ನು ತಿರುವಿ ಹಾಕಲು ಯಾರೂ ಏಳಲಿಲ್ಲ.

ಚಲುವರಾಜನಿಗೆ ಒಂದೊಂದಾಗಿ ಎಲ್ಲ ತೆರೆದುಕೊಂಡಿತು. ಕಿರುಗಾವಲಿನಿಂದ ಭಾಮೈದ ಸಿದ್ದರಾಮು ಬಂದಾಗಲೆಲ್ಲ ಹೊಸ್ತಿಲಲ್ಲೇ ನಿಂತು ಮೆಲ್ಲಗೆ "ದೇವೀರೀ" ಅನ್ನುತ್ತಿದ್ದ. ಇವನು ಅದನ್ನು ಭಕ್ತಿ ಎಂದು ತಿಳಿದಿದ್ದ. ಇಷ್ಟು ದೈವಭಕ್ತಿಯ ಮನುಷ್ಯ ಎಂದು ಮೆಚ್ಚಿ, ಪ್ರತಿ ಸಲವೂ ಅವನನ್ನು ಕೈ ಹಿಡಿದು ಊರ ಅಮ್ಮನ ಗುಡಿಗೆ ಕರೆದುಕೊಂಡು ಹೋಗಿ, ಕಾಯಿ ಒಡೆಸಿ, ಅಲ್ಲಿಂದಲೇ ಬಸ್ಸು ಹತ್ತಿಸುತ್ತಿದ್ದ. ಪಾಪ, ಆ ಸಿದ್ದರಾಮು ನಲವತ್ತು ವರ್ಷದಲ್ಲಿ ನೂರಾರು ತೆಂಗಿನಕಾಯಿ ಒಡೆದಿದ್ದ, ಅಕ್ಕನ ಹತ್ತಿರ ಒಂದು ಗಂಟೆ ಕೂತು ಮಾತಾಡಿರಲಿಲ್ಲ.

ಚಲುವರಾಜು: ನೀನು ಒಂದ್ಸಲನಾದ್ರೂ ಯೋಳ್ಬಾರ್ದಿತ್ತಾ?

ಕುಸುಮ: ಯೋಳೋದೇನು? ನನ್ನ ಎಸ್ರು ಯಾರಾದ್ರೂ ಕೂಗ್ತಾರಾ ಅಂತ ಮೊದ್ಲು ಮೊದ್ಲು ಕಿವಿ ಕೊಟ್ಕೊಂಡಿರ್ತಿದ್ದೆ. ಕೂಗ್ತಿದ್ರು, ದಿನಾ ಕೂಗ್ತಿದ್ರು. ಓ ಅಂತ ತಿರುಗುದ್ರೆ ನಿಮ್ಮವ್ವನ್ನ. ಮೂವತ್ತೈದು ವರ್ಸ ನನ್ನ ಎಸ್ರು ನನ್ನ ಎದ್ರುಗೇ ಓಡಾಡ್ಕೊಂಡಿತ್ತು, ಕೈಗೆ ಸಿಕ್ನಿಲ್ಲ. ಅವರು ಓದ್ಮೇಲೆ ನಿಮ್ಗೆ ನೆಪ್ಪಾಯ್ತದೆ, ಬತ್ತದೆ ನಂಗೆ ವಾಪಸ್ಸು, ಅಂತ ಒಂಬತ್ತು ವರ್ಸ ಕಾದೆ. ಇವತ್ತು ನೋಡುದ್ರೆ ಮೊಗೀಗೆ ಕೊಡ್ತೀನಿ ಅಂತ ಕೂತಿದ್ದೀರಿ.

ಜೋಯಿಸರು ಪಂಚಾಂಗ ಮುಚ್ಚಿದರು. ಮುಖ ಯಾಕೋ ಸಣ್ಣದಾಗಿತ್ತು.

ನಯನ: ಏನಾಯ್ತು ಜೋಯಿಸರೇ?

ಜೋಯಿಸರು: ಏನಿಲ್ಲಮ್ಮ. ನಮ್ಮ ಮನೆಯಾಕೆ ಪಂಕಜಮ್ಮ ಇದ್ದಾಳಲ್ಲ, ಪಂಕಜ ಅನ್ನೋದೂ ಮದುವೆಯಲ್ಲಿ ನಾವೇ ಇಟ್ಟ ಹೆಸರು. ಅದಕ್ಕೆ ಮುಂಚೆ ಏನಿತ್ತು ಅಂತ... ಲಲಿತಾ ಇರಬೇಕು. ಅಥವಾ ಕಮಲಾ. ಈ ವಿಷಯ ಮದ್ದೂರಿನವರೆಗೆ ಹೋಗದ ಹಾಗೆ ನೋಡಿಕೊಳ್ಳಿ ಅಂತ ಕೇಳಿಕೊಳ್ಳೋಣ ಅಂತಿದ್ದೆ.

ಚಲುವರಾಜು ಅಷ್ಟು ಸುಲಭಕ್ಕೆ ಸೋಲುವವನಲ್ಲ. ದುಃಖದ ನಡುವೆಯೇ ಅವನಿಗೆ ಒಂದು ದಾರಿ ಕಂಡಿತು. ಮುಖ ಅರಳಿತು.

ಚಲುವರಾಜು: ಅಯ್ಯೋ, ಅಂಗಾದ್ರೆ ಜಗಳವೇ ಇಲ್ವಲ್ಲ ಅಮ್ಮಿ! ನಂಗೂ ದೇವಿರಮ್ಮ ಬೇಕು, ನಿಂದೂ ದೇವಿರಮ್ಮ. ಮೊಗೀಗೆ ಅದೇ ಇಡಾನ. ನಮ್ಮವ್ವಂದು ಅಂತ ನಾನು ಅಂದ್ಕತೀನಿ, ನಿಂದು ಅಂತ ನೀನು ಅಂದ್ಕೊ. ಬರೀರಿ ಸ್ವಾಮ್ಯೋರೆ!

ಕುಸುಮ: ಬರೀರಿ. ಆದ್ರೆ ಬದುಕಿರೋರ ಎಸ್ರು ಇಟ್ರೆ ಆಯಸ್ಸು ಸೋರೋಯ್ತದೆ ಅಂತ ಈಗ ತಾನೆ ಯಾರೋ ಯೋಳುದ್ರು. ಏಳು ತಲೆಮಾರು ಅಂದ್ರು. ನಯನ ಸಾಕ್ಷಿ ಅವ್ಳೆ.

ಚಲುವರಾಜು: ಅದು... ಅದು ಸುಮ್ಕೆ ಮಾತಿಗೆ...

ಕುಸುಮ: ನನ್ನದೇನೂ ಅಭ್ಯಂತ್ರ ಇಲ್ಲ. ಪದ್ಧತಿ ಅಂದ್ಮೇಲೆ ಪದ್ಧತಿ. ಆದ್ರೆ ಹನ್ನೊಂದು ಗಂಟೆ ಒಳ್ಗೆ ಸಾಯಕೆ ನಂಗೆ ಪುರ್ಸೊತ್ತಿಲ್ಲ. ಇನ್ನೂ ಎಂಬತ್ತು ಒಬ್ಬಟ್ಟು ತಟ್ಬೇಕು.

ಚಲುವರಾಜು ಜೋಯಿಸರನ್ನು ನೋಡಿದ. ಜೋಯಿಸರು ಛಾವಣಿ ನೋಡಿದರು. ಛಾವಣಿಯಲ್ಲಿ ಪರಿಹಾರವಿರಲಿಲ್ಲ. ಚಲುವರಾಜನ ದನಿ ಮೊದಲ ಬಾರಿಗೆ ಕುಗ್ಗಿತು.

ಚಲುವರಾಜು: ಮತ್ತೆ ನಮ್ಮವ್ವಂಗೆ ಕೊಟ್ಟ ಮಾತು ಏನ್ಮಾಡ್ಲಿ ಅಮ್ಮಿ? ಕೈ ಇಡ್ಕೊಂಡು ಕೇಳಿದ್ಲು ಕಣೆ. ಅವ್ಳು ಸಾಯೋವರ್ಗೂ ನನ್ನತ್ರ ಇನ್ನೇನೂ ಕೇಳಿರ್ನಿಲ್ಲ.

ಕುಸುಮ ಸೌಟನ್ನು ಸೆರಗಿಗೆ ಒರೆಸಿದಳು. ಅದು ಒರೆಸುವ ವಸ್ತುವಲ್ಲ, ಸೆರಗು ಒರೆಸುವ ಬಟ್ಟೆಯೂ ಅಲ್ಲ.

ನಯನ: ಮಾವ, ಅಜ್ಜಿ ಏನು ಕೇಳಿದ್ದು? ಸರಿಯಾಗಿ ಹೇಳಿ.

ಚಲುವರಾಜು: ನನ್ನ ಎಸ್ರು ಈ ಅಟ್ಟೀಲಿ ದಿನಾ ಕೂಗ್ತಿರ್ಬೇಕು ಅಂತ.

ನಯನ: ಮಗುವಿಗೇ ಇಡಬೇಕು ಅಂದ್ರಾ?

ಚಲುವರಾಜು: ಇಲ್ಲ. ಅಂಗಂತ ಅನ್ನಿಲ್ಲ.

ನಯನ: ಈ ಮನೇಲಿ ದಿನಾ ಯಾರನ್ನ ಜಾಸ್ತಿ ಕೂಗ್ತೀರಿ ನೀವು? ಬೆಳಿಗ್ಗೆ ಕಾಫಿಗೆ, ಚಪ್ಪಲಿ ಸಿಗ್ಲಿಲ್ಲ ಅಂದ್ರೆ, ಕನ್ನಡಕ ಮೂಗಿನ ಮೇಲಿದ್ರೂ ಕಾಣಲಿಲ್ಲ ಅಂದ್ರೆ?

ಚಲುವರಾಜು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೆಂಡತಿಯನ್ನು ದಿನಕ್ಕೆ ಇನ್ನೂರು ಸಲ ಕೂಗುತ್ತಿದ್ದ. ಕರೆಂಟು ಹೋದ ದಿನ ಮುನ್ನೂರು. ಆ ಲೆಕ್ಕದಲ್ಲಿ ಅವ್ವನ ಹೆಸರು ಕೆರಗೋಡಿನಲ್ಲಿ ಗುಡಿಯ ಗಂಟೆಗಿಂತ ಹೆಚ್ಚು ಸಲ ಮೊಳಗುತ್ತದೆ. ಮಾತೂ ತೀರುತ್ತದೆ, ಅಮಾವಾಸ್ಯೆಯ ನಿದ್ದೆಯೂ ವಾಪಸ್ಸು ಬರುತ್ತದೆ.

ಚಲುವರಾಜು: ಎಸ್ರು ವಾಪಸ್ ಕೊಡಾಕಾಯ್ತದಾ ಸ್ವಾಮ್ಯೋರೆ? ಶಾಸ್ತ್ರದಲ್ಲಿ ಜಾಗ ಅದಾ?

ಜೋಯಿಸರು: ಶಾಸ್ತ್ರದಲ್ಲಿ ಜಾಗ ಇಲ್ಲದೆ ಇದ್ದರೂ ಇವತ್ತು ಮಾಡಿಕೊಡುತ್ತೇನೆ. ನಾಳೆ ನಮ್ಮ ಮನೆಯಲ್ಲೂ ಬೇಕಾಗಬಹುದು.

ಕುಸುಮ: ಮೊದ್ಲು ಮೊಗೀಂದು ಬರೀರಿ. ನಯನ, ನಿನ್ನ ಎಸ್ರು ಯೋಳವ್ವ. ಮೂರು ತಿಂಗ್ಳು ಉಡುಕಿದ್ದೀಯ, ಇಡು. ನಾಳೆ ಇವಳ ಗಂಡನ ಮನೇಲಿ ಯಾರೂ ಬಸ್ಸು ನೋಡಿ ಬದ್ಲಾಯಿಸ್ದಂಗೆ ನೋಡ್ಕೊ.

ಜೋಯಿಸರು ಅಕ್ಕಿಯಲ್ಲಿ 'ಆಶ್ರಿತಾ' ಎಂದು ಬರೆದರು. ಆಮೇಲೆ ತಟ್ಟೆ ಕುಲುಕಿ, ಅಕ್ಕಿಯನ್ನು ಸಮ ಮಾಡಿ, ಎರಡನೆಯ ಹೆಸರು ಬರೆದರು. ಅಕ್ಷರ ಓದಲು ಕುಸುಮ ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ. ಐದನೇ ಕ್ಲಾಸಿನ ತನಕ ಸ್ಲೇಟಿನ ಮೇಲೆ ಅದನ್ನೇ ಬರೆದಿದ್ದವಳು.

ಜೋಯಿಸರು: ಹೆಸರು ಕಿವಿಯಲ್ಲಿ ಮೂರು ಸಲ ಹೇಳಬೇಕು. ಮಗುವಿಗೆ ಸೋದರತ್ತೆ ಬಂದ ಮೇಲೆ ಹೇಳುತ್ತಾಳೆ. ಇವರಿಗೆ ಯಾರು ಹೇಳುತ್ತೀರಿ? ಕಿತ್ತುಕೊಂಡವರ ಮಗನೇ ಹೇಳುವುದು ನ್ಯಾಯ.

ಕುಸುಮ ಮಣೆಯ ಮೇಲೆ ಕೂತಳು. ಚಲುವರಾಜು ಕಂಬ ಹಿಡಿದು, ಎರಡೂ ಮಂಡಿಗಳ ಅಪ್ಪಣೆ ಕೇಳಿ, ಪಕ್ಕಕ್ಕೆ ಕುಕ್ಕರಿಸಿದ. ಹೆಂಡತಿಯ ಕಿವಿಯ ಹತ್ತಿರ ಬಾಯಿ ತಂದ. ಅರವತ್ತೆಂಟು ವರ್ಷದಲ್ಲಿ ಆ ಹೆಸರನ್ನು ಅವನು ಊರವರ ಮುಂದೆ ನೂರು ಸಲ ಹೇಳಿದ್ದ, ಆದರೆ ಆ ಹೆಸರಿನವರ ಮುಖಕ್ಕೆ ನೇರವಾಗಿ ಒಂದು ಸಲವೂ ಕರೆದಿರಲಿಲ್ಲ. ನಾಲಗೆ ತಾನೇ ತಾನಾಗಿ ಹಳೆಯ ದಾರಿ ಹಿಡಿಯಿತು.

ಚಲುವರಾಜು: ಅವ್ವಾ.

ಕುಸುಮ: ಅದು ಸಂಬಂಧ. ಎಸ್ರು ಯೋಳಿ.

ಚಲುವರಾಜು: ದೇವಿರಮ್ಮ...

ಕುಸುಮ: ಕೇಳಿಸ್ನಿಲ್ಲ. ನಲವತ್ನಾಕು ವರ್ಸ ಆಗದೆ, ಕಿವಿಗೆ ಗುರ್ತು ಸಿಕ್ತಾ ಇಲ್ಲ. ಇನ್ನೂ ಗಟ್ಟಿಯಾಗಿ.

ಚಲುವರಾಜು ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡು, ಹನಕೆರೆಯ ರೈಲಿನವರೆಗೂ ಮುಟ್ಟುವ ಹಾಗೆ ಕೂಗಿದ.

ಚಲುವರಾಜು: ದೇವಿರಮ್ಮಾ!

ಮಣೆಯ ಮೇಲಿಂದ ದೇವಿರಮ್ಮ: ಏನ್ಲಾ?

ಚಲುವರಾಜು: ಏನಿಲ್ಲ ಕಣವ್ವ.